ಭರ್ತಿಯಾಗಿದ್ದ ಖಾಲಿ ಲೈನು

ಸುಧಾರಣೆ ಬರುವುದಕ್ಕೆ ಮುಂಚೆ ಆ ಕೋಣೆ ಒಂದೇ ಆಗಿತ್ತು. ಹೈಟೆನ್ಷನ್ ಲೈನುಗಳನ್ನು ನೋಡಿಕೊಳ್ಳುವ ಮಂಡಳಿಯ ಮೂರನೇ ಮಹಡಿಯಲ್ಲಿ, ರೈಲು ಡಬ್ಬಿಯ ಹಾಗೆ ಉದ್ದುದ್ದ ಕೋಣೆ. ಲೈನಿನಲ್ಲಿ ಕರೆಂಟು ಕಳಿಸುವವರಿಗೆ ಜಾಗ ಕೊಡುವವರೂ, ಹರಿಯುವ ಕರೆಂಟಿಗೆ ಕಾವಲು ಕೂರುವವರೂ ಅಲ್ಲೇ ಅಕ್ಕಪಕ್ಕ ಕೂತು, ಒಂದೇ ಫ್ಯಾನಿನ ಗಾಳಿಗೆ ಜಗಳವಾಡಿಕೊಂಡು, ಒಬ್ಬರ ಟೀ ಇನ್ನೊಬ್ಬರು ಕುಡಿದುಕೊಂಡು ಹೇಗೋ ಕೆಲಸ ಸಾಗಿಸುತ್ತಿದ್ದರು. ಆಮೇಲೆ ವಿದ್ಯುತ್ ಮಾರುಕಟ್ಟೆ ಮುಕ್ತವಾಯಿತು. ಮುಕ್ತವಾದ ಮೊದಲ ವಾರವೇ ಬಡಗಿಗಳು ಬಂದು ಕೋಣೆಯ ನಡುವೆ ಗಾಜಿನ ಗೋಡೆ ನಿಲ್ಲಿಸಿದರು. ಮುಕ್ತ ಎಂದರೆ ಅಡ್ಡಗೋಡೆ ಎಂದು ಅಲ್ಲಿದ್ದವರಿಗೆ ಗೊತ್ತಾದದ್ದು ಆವತ್ತೇ.

ಗೋಡೆಯ ಈಚೆಗೆ ಹಂಚಿಕೆ ವಿಭಾಗ, ಆಚೆಗೆ ಹರಿವು ವಿಭಾಗ. ಹಂಚಿಕೆ ಎಂದರೆ ಪಾಲು ಹಾಕುವುದೂ ಹೌದು, ಉಪಾಯ ಹೂಡುವುದೂ ಹೌದು. ಮಂಡಳಿ ಯಾವ ಅರ್ಥ ಮನಸ್ಸಿನಲ್ಲಿಟ್ಟುಕೊಂಡು ಬೋರ್ಡು ಬರೆಸಿತೋ ಹೇಳುವುದು ಕಷ್ಟ. ನಿಯಮ ಮಾತ್ರ ಸ್ಪಷ್ಟವಾಗಿತ್ತು. ಈಚೆಯವರು ಆಚೆಯವರೊಡನೆ ಲೈನಿನ ವಿಷಯ ಮಾತಾಡಕೂಡದು. ಯಾರಿಗೆ ಎಷ್ಟು ಜಾಗ ಕೊಟ್ಟಿದೆ ಎಂದು ಬಲ್ಲವರಿಗೆ ಎಷ್ಟು ಹರಿಯುತ್ತಿದೆ ಎಂಬುದೂ ಗೊತ್ತಾಗಿಬಿಟ್ಟರೆ, ಆ ಗುಟ್ಟು ಯಾವುದೋ ಕಂಪನಿಗೆ ಸೋರಿ, ಪೈಪೋಟಿಯ ಮಡಿ ಕೆಡುತ್ತದಂತೆ. ಒಟ್ಟಿನಲ್ಲಿ ಹರಿವು ಇದ್ದ ಕಡೆ ಅರಿವು ಇರಬಾರದು, ಅರಿವು ಇದ್ದ ಕಡೆ ಹರಿವು ಕಾಣಬಾರದು. ಗಾಜಿಗೆ ಎದೆಮಟ್ಟದವರೆಗೆ ಮಬ್ಬು ಕಾಗದ ಅಂಟಿಸಿದರು. ಕೂತರೆ ಏನೂ ಕಾಣುತ್ತಿರಲಿಲ್ಲ. ಎದ್ದು ನಿಂತರೆ ಆಚೆ ಕಡೆಯ ತಲೆಗಳು ಮಾತ್ರ, ದೇಹ ಎಲ್ಲೋ ಮರೆತು ಬಂದವರ ಹಾಗೆ.

ಈ ಮಡಿಗೆ ಒಂದೇ ಒಂದು ಕುಂದು. ಈಚೆ ಕೂರುವ ಹಂಚಿಕೆ ಮೇಡಮ್ಮೂ ಆಚೆ ಕೂರುವ ಇಂಜಿನಿಯರೂ ಗಂಡ ಹೆಂಡತಿ.

ಇಂಜಿನಿಯರಿಗೆ ಆಫೀಸಿನಲ್ಲಿ 'ಆಯ್ತು ಸಾರ್' ಎಂದು ಹೆಸರು. ಮೇಲಿನವರು ಕೇಳಿದರೂ ಆಯ್ತು, ಕೆಳಗಿನವರು ಕೇಳಿದರೂ ಆಯ್ತು. ಸಾಲ ಕೇಳಲು ಬಂದವರಿಗೂ ಆಯ್ತು, ವಾಪಸ್ ಕೊಡಲಾರೆ ಎಂದು ಬಂದವರಿಗೂ ಆಯ್ತು. ಮದುವೆಗೂ ಹೀಗೇ ಒಪ್ಪಿಕೊಂಡದ್ದು, ತಾವು ಬಂದಿರುವುದು ಹೆಣ್ಣು ನೋಡಲು ಎಂದು ಅವರಿಗೆ ತಿಳಿದಿತ್ತೋ ಇಲ್ಲವೋ ಎಂದು ಮೇಡಂ ಹೇಳುವುದುಂಟು. ಮೇಡಮ್ಮಿನದು ಇದಕ್ಕೆ ಉಲ್ಟಾ ಸ್ವಭಾವ. ಬಸ್ಸಿನಲ್ಲಿ ಹೆಚ್ಚು ಚಿಲ್ಲರೆ ಬಂದರೂ ಜಗಳ, ಕಡಿಮೆ ಬಂದರೂ ಜಗಳ.

ಮಂಡಳಿ ಇಬ್ಬರಿಂದಲೂ ಮುಚ್ಚಳಿಕೆ ಬರೆಸಿಕೊಂಡಿತ್ತು: ಮನೆಯಲ್ಲೂ ಲೈನಿನ ಮಾತು ಎತ್ತುವುದಿಲ್ಲ ಎಂದು. ಮುಚ್ಚಳಿಕೆ ಎಂದರೆ ಬಾಯಿಗೆ ಮುಚ್ಚಳ. ಬೇರೆ ಯಾರಾದರೂ ಆಗಿದ್ದರೆ ಸಹಿ ಹಾಕಿ ಮರೆಯುತ್ತಿದ್ದರು. ಇವರಿಬ್ಬರೂ ನಿಯತ್ತಿನ ಜನ, ಅದೇ ಎಡವಟ್ಟಾಯಿತು. ಮನೆಯಲ್ಲಿ ಕರೆಂಟು ಹೋದರೂ ಇಬ್ಬರೂ ಕತ್ತಲಲ್ಲಿ ಕೂತು ಹವಾಮಾನದ ಬಗ್ಗೆ ಮಾತಾಡುತ್ತಿದ್ದರು.

ಅವರು ಮಾತಾಡದೆ ಬಿಟ್ಟ ಲೈನುಗಳಲ್ಲಿ ಗುಡ್ಡದ ಲೈನೂ ಒಂದು. ಗುಡ್ಡದ ಈಚೆಗೆ ಅಣೆಕಟ್ಟುಗಳು, ಅಗ್ಗದ ಕರೆಂಟು. ಆಚೆಗೆ ಕಾರ್ಖಾನೆಗಳು, ಕರೆಂಟಿಗೆ ಬಾಯಿ ಬಿಟ್ಟುಕೊಂಡು ಕೂತವು. ನಡುವೆ ಇದ್ದದ್ದು ಇದೊಂದೇ ಲೈನು. ಅದರಲ್ಲಿರುವ ಜಾಗವನ್ನು ಸೀಸನ್ನಿಗೊಮ್ಮೆ ಹರಾಜು ಹಾಕುತ್ತಿದ್ದರು. ಎರಡು ಸೀಸನ್ನಿನಿಂದ ಪೂರ್ತಿ ಜಾಗ ಒಂದೇ ಕಂಪನಿಯ ಪಾಲಾಗಿತ್ತು. ಆ ಕಂಪನಿಯ ಪರವಾಗಿ ಫೋನು ಮಾಡುವವನ ದನಿ ಎಷ್ಟು ಸಿಹಿಯಾಗಿತ್ತೆಂದರೆ ಎರಡೂ ವಿಭಾಗದವರು, ಒಬ್ಬರಿಗೊಬ್ಬರು ಹೇಳಿಕೊಳ್ಳದೆಯೇ, ಅವನಿಗೆ 'ಜೇನು' ಎಂದೇ ಹೆಸರಿಟ್ಟಿದ್ದರು.

ಜಾಗ ಹಿಡಿದವರು ದಿನಾ ಮಧ್ಯಾಹ್ನ ಹನ್ನೆರಡರೊಳಗೆ, ಮಾರನೆಯ ಮಧ್ಯಾಹ್ನದವರೆಗೆ ಎಷ್ಟು ಕರೆಂಟು ಕಳಿಸುತ್ತೇವೆಂದು ಹಂಚಿಕೆ ವಿಭಾಗಕ್ಕೆ ಹೇಳಬೇಕು. ಕಳಿಸುವುದಿಲ್ಲ ಎಂದರೆ ಆ ಜಾಗವನ್ನು ಆವತ್ತಿನ ಮಟ್ಟಿಗೆ ಬೇರೆಯವರಿಗೆ ಕೊಡಬಹುದು. ಜೇನು ಹನ್ನೆರಡಕ್ಕೆ ಸ್ವಲ್ಪ ಮುಂಚೆ ತಪ್ಪದೆ ಫೋನು ಮಾಡಿ "ಪೂರ್ತಿ, ಮೇಡಂ" ಅನ್ನುತ್ತಿದ್ದ. ಮೇಡಂ ಬೋರ್ಡಿನ ಮೇಲೆ 'ಭರ್ತಿ' ಎಂದು ಹಾಕುತ್ತಿದ್ದಳು. ಜಾಗ ಕೇಳಿಕೊಂಡು ಬಂದವರಿಗೆಲ್ಲ ಅದನ್ನೇ ಹೇಳುತ್ತಿದ್ದಳು, ಪಾಪ ಎಂಬ ದನಿಯಲ್ಲಿ.

ಅವಳ ಅಣ್ಣನದು ಗುಡ್ಡದ ಆಚೆ ಗಾಜಿನ ಕಾರ್ಖಾನೆ. ಔಷಧದ ಸೀಸೆ ಮಾಡುತ್ತಿದ್ದ. ಕರೆಂಟಿನ ಕುಲುಮೆ, ಹೊತ್ತಿಸಿದ ದಿನದಿಂದ ಒಮ್ಮೆಯೂ ಆರಿಸಿದ್ದಿಲ್ಲ. ಆರಿಸುವ ಹಾಗೂ ಇಲ್ಲ. ಒಳಗಿನ ಗಾಜು ಹೆಪ್ಪುಗಟ್ಟಿ, ಇಟ್ಟಿಗೆ ಸೀಳಿ, ಕುಲುಮೆ ಒಂದು ದೊಡ್ಡ ಕಲ್ಲಾಗಿಬಿಡುತ್ತದೆ. ಅಂಥ ಕುಲುಮೆಯ ಪಕ್ಕದಲ್ಲಿ ಬದುಕಿದವನಾದ್ದರಿಂದಲೋ ಏನೋ, ಅಣ್ಣನೂ ಸದಾ ಬೆಚ್ಚಗಿನ ಮನುಷ್ಯ. ಬಂದನೆಂದರೆ ಮನೆಯೆಲ್ಲ ನಗೆ. ಆ ಭಾನುವಾರ ಮಧ್ಯಾಹ್ನ ಮಾತ್ರ ಅವನು ಚಪ್ಪಲಿ ಬಿಟ್ಟು ಒಳಗೆ ಬಂದವನು ಯಾರ ಕಾಲನ್ನೂ ಎಳೆಯದೆ ಸೀದಾ ಊಟದ ಮೇಜಿಗೆ ಕೂತ.

"ಬುಧವಾರ ಕುಲುಮೆ ಖಾಲಿ ಮಾಡ್ತಿದೀನಿ ಪುಟ್ಟಿ," ಅಂದ.

ತಂಗಿ ಸೌತೆಕಾಯಿ ಹೆಚ್ಚುವುದನ್ನು ನಿಲ್ಲಿಸಿದಳು. ಅವನು ಹೇಳುತ್ತ ಹೋದ. ತಮ್ಮ ಕಡೆ ಕರೆಂಟಿನ ರೇಟು ಈಚೆ ಕಡೆಯದರ ಮೂರು ಪಟ್ಟಾಗಿದೆ. ಈ ರೇಟಿಗೆ ಸೀಸೆ ಮಾಡಿದರೆ ಒಳಗೆ ತುಂಬುವ ಔಷಧಕ್ಕಿಂತ ಸೀಸೆಯೇ ದುಬಾರಿ. ಅಣೆಕಟ್ಟಿನವರು ಅಗ್ಗಕ್ಕೆ ಕೊಡಲು ತಯಾರಿದ್ದಾರೆ, ಆದರೆ ಗುಡ್ಡದ ಲೈನಿನಲ್ಲಿ ಜಾಗವೇ ಸಿಗುತ್ತಿಲ್ಲ. ಕಾದ ಗಾಜನ್ನು ಹೊರಗೆ ಬಸಿದು, ಕುಲುಮೆಯನ್ನು ಮೆಲ್ಲಗೆ ತಣಿಸಿದರೆ ಇಟ್ಟಿಗೆಯಾದರೂ ಉಳಿಯುತ್ತದೆ. ಮತ್ತೆ ಹೊತ್ತಿಸುವ ತ್ರಾಣ ತನಗಿಲ್ಲ. ಕೆಲಸದವರಿಗೆ ಹೇಳಿಯಾಗಿದೆ.

ಮಾತು ಮುಗಿಸಿ ನೀರು ಕುಡಿದು, ಸುಮ್ಮನೆ ನೆಂಟರ ಮನೆಯಲ್ಲಿ ಕೇಳುವ ಹಾಗೆ ಕೇಳಿದ. "ನೀವಿಬ್ರೂ ಅಲ್ಲೇ ಇದೀರಲ್ಲ ಭಾವ, ಏನು ಆ ಲೈನಿನ ಕಥೆ?"

ಗಂಡ ಹೆಂಡತಿ ಇಬ್ಬರೂ ಮುಚ್ಚಳಿಕೆ ನೆನಪಾಗುವ ಮುಂಚೆಯೇ ಬಾಯಿ ತೆರೆದರು.

"ಭರ್ತಿ," ಅಂದಳು ಅವಳು.

"ಖಾಲಿ," ಅಂದ ಅವನು.

ಅಣ್ಣ, ಒಂದೇ ಮಗುವಿಗೆ ಎರಡು ಹೆಸರು ಹೇಳಿದ ಅಪ್ಪ ಅಮ್ಮನನ್ನು ನೋಡುವ ಹಾಗೆ ಇಬ್ಬರನ್ನೂ ನೋಡಿದ. ಆಮೇಲೆ ತಟ್ಟೆ ಪಕ್ಕಕ್ಕೆ ಸರಿಸಿದ.

ಮುಚ್ಚಳ ಹಾರಿದ ಮೇಲೆ ಉಕ್ಕುವುದು ತಡವೇ? ಇಂಜಿನಿಯರು ತಡವರಿಸುತ್ತ ಹೇಳಿದ. ದಿನಾ ಊಟದ ಹೊತ್ತಿಗೆ ಜೇನು ಹರಿವು ವಿಭಾಗಕ್ಕೆ ಫೋನು ಮಾಡುತ್ತಾನೆ. ಏನೋ ತುರ್ತು ಬಂದಿದೆ, ಇವತ್ತು ಕರೆಂಟು ಕಳಿಸಲು ಆಗುವುದಿಲ್ಲ, ಬುಕ್ ಮಾಡಿದ್ದನ್ನು ವಾಪಸ್ ತಗೊಳ್ತೀವಿ ಎನ್ನುತ್ತಾನೆ. ಹನ್ನೆರಡು ಗಂಟೆ ದಾಟಿದ ಮೇಲೆ ವಾಪಸ್ ತೆಗೆದುಕೊಳ್ಳಬೇಕಾದರೆ ಡ್ಯೂಟಿಯಲ್ಲಿರುವ ಇಂಜಿನಿಯರು ಒಪ್ಪಬೇಕು ಎಂದು ನಿಯಮವಿದೆ. ಒಪ್ಪುತ್ತಾರೆ. ಎಲ್ಲರೂ ಒಪ್ಪುತ್ತಾರೆ; ಅದೊಂದು ಸೌಜನ್ಯ. ಲೈನು ತಣ್ಣಗಿರುತ್ತದೆ, ಯಾರಿಗೂ ತಲೆನೋವಿಲ್ಲ. ಗುಡ್ಡದ ಲೈನಿನಲ್ಲಿ ಕರೆಂಟು ಕಳಿಸಲು ಗಿರಾಕಿಗಳೇ ಇಲ್ಲ ಎಂದು ಇಷ್ಟು ದಿನ ಅವನು ತಿಳಿದಿದ್ದ.

"ದಿನಾ ತುರ್ತಾ ರೀ?" ಅಂದಳು ಹೆಂಡತಿ.

"ಹಾಗಂತ ಹೇಳ್ತಿದ್ದ."

"ನೀವೇನಂತಿದ್ರಿ?"

ಇಂಜಿನಿಯರು ಸೌತೆಕಾಯಿಯ ಹೋಳುಗಳನ್ನು ನೋಡಿದ. "ಆಯ್ತು ಅಂತಿದ್ದೆ."

ಅಣ್ಣನಿಗೆ ಉಳಿದದ್ದು ಗೊತ್ತಿತ್ತು. ಗುಡ್ಡದ ಆಚೆಯ ಹಳೇ ಡೀಸೆಲ್ ಸ್ಟೇಷನ್ನು ಇದೇ ಜೇನು ಕಂಪನಿಯದು. ಲೈನು ಭರ್ತಿ ಎಂಬ ಬೋರ್ಡು ಇದ್ದಷ್ಟು ದಿನ ಆ ಮುದಿ ಡೀಸೆಲ್ಲು ಹೇಳಿದ್ದೇ ರೇಟು. ಹಾಗಾದರೆ ಕಂಪನಿ ಲೈನನ್ನು ಹಿಡಿದದ್ದು ಕರೆಂಟು ಕಳಿಸಲಿಕ್ಕಲ್ಲ, ಬೇರೆಯವರು ಕಳಿಸದಿರಲಿ ಎಂದು. ಊರಿಗಿರುವ ಒಂದೇ ಬಾವಿಯ ಹಗ್ಗ ಕೊಂಡು ಮನೆಯಲ್ಲಿಟ್ಟುಕೊಂಡು, ಬೀದಿಯಲ್ಲಿ ನೀರು ಮಾರಿದ ಹಾಗೆ.

"ಬಾಗಿಲಲ್ಲಿ ಹೌಸ್‌ಫುಲ್ ಬೋರ್ಡು ಹಾಕೋಳು ನೀನು," ಅಣ್ಣ ತಂಗಿಗೆ ಅಂದ. "ಒಳಗಡೆ ಖಾಲಿ ಕುರ್ಚಿ ಒರೆಸೋರು ಭಾವ. ಚೆನ್ನಾಗಿದೆ ಕಣೇ ಸಂಸಾರ."

ಅದು ಅವನ ಮಾಮೂಲಿ ತಮಾಷೆಯ ದನಿಯೇ. ಆದರೆ ಹೇಳಿ ಅವನು ನಗಲಿಲ್ಲ. ಊಟವನ್ನೂ ಪೂರ್ತಿ ಮಾಡಲಿಲ್ಲ. ಬಸ್ಸಿಗೆ ಹೊತ್ತಾಯಿತೆಂದು, ಆಗದ ಹೊತ್ತನ್ನು ಆಯಿತೆಂದು ಹೇಳಿ ಎದ್ದ.

ಸೋಮವಾರ ಮೇಡಂ ಸೀದಾ ಮೇಲಿನ ಮಹಡಿ ಹತ್ತಿದಳು. ಅಲ್ಲಿ ಕೂರುವವರು ನೋಡೋಣ ಸಾಹೇಬರು. ಎರಡೂ ವಿಭಾಗಗಳ ಮೇಲೆ ಅವರು ಒಬ್ಬರೇ; ಗೋಡೆಯ ಎರಡೂ ಕಡೆ ನೋಡಲು ಇಡೀ ಮಂಡಳಿಯಲ್ಲಿ ಅಧಿಕಾರ ಇದ್ದವರೂ ಅವರೊಬ್ಬರೇ. ಆ ಕಾರಣಕ್ಕೇ ಏನೋ ಅವರು ಯಾವ ಕಡೆಯೂ ನೋಡುತ್ತಿರಲಿಲ್ಲ. ಏನು ಕೇಳಿದರೂ ನೋಡೋಣ ಅನ್ನುವರು, ಕಿಟಕಿಯ ಕಡೆ ನೋಡುವರು.

ಮೇಡಂ ನಿಂತೇ ಹೇಳಿದಳು. ಗುಡ್ಡದ ಲೈನು ದಿನಾ ಖಾಲಿ ಹೋಗುತ್ತಿದೆ, ನಾನು ದಿನಾ ಭರ್ತಿ ಎಂದು ಸುಳ್ಳು ಹೇಳುತ್ತಿದ್ದೇನೆ, ಗುಡ್ಡದ ಆಚೆಯ ಜನ ಇಲ್ಲದ ಬರಕ್ಕೆ ದುಡ್ಡು ಸುರಿಯುತ್ತಿದ್ದಾರೆ. ವಾಪಸ್ ತೆಗೆದುಕೊಳ್ಳಲು ಒಪ್ಪಿಗೆ ಕೊಡುವುದನ್ನು ಇವತ್ತೇ ನಿಲ್ಲಿಸಿ. ಸಾಹೇಬರು ಎಲ್ಲವನ್ನೂ ಕೇಳಿದರು. ಕೇಳಿ, ಬಹಳ ದಿನಗಳ ಮೇಲೆ ಮೊದಲ ಸಲ ಕಿಟಕಿ ಬಿಟ್ಟು ಎದುರಿಗಿದ್ದವರ ಮುಖ ನೋಡಿದರು.

"ಲೈನು ಖಾಲಿ ಅಂತ ನಿಮಗೆ ಹೇಗೆ ಗೊತ್ತಾಯ್ತು?"

ಅವಳಿಗೆ ಒಂದು ಕ್ಷಣ ಪ್ರಶ್ನೆಯೇ ಅರ್ಥವಾಗಲಿಲ್ಲ. ಸಾಹೇಬರು ಇನ್ನೊಮ್ಮೆ ಬಿಡಿಸಿ ಕೇಳಿದರು. ಹರಿವು ತೋರಿಸುವ ಪರದೆ ಇರುವುದು ಗೋಡೆಯ ಆಚೆ. ನೀವು ಇರುವುದು ಈಚೆ. ಹೇಳಿದವರು ಯಾರು, ಎಲ್ಲಿ, ಇನ್ನೂ ಯಾರ್ಯಾರು ಕೇಳಿಸಿಕೊಂಡರು? ಪಕ್ಕದ ಮನೆಗೆ ಬೆಂಕಿ ಬಿದ್ದಿದೆ ಎಂದು ಓಡಿ ಬಂದವಳನ್ನು, ಆ ಕಡೆ ನೀನು ಯಾಕೆ ಇಣುಕಿದೆ ಎಂದು ಹಿಡಿದು ಕೂರಿಸಿದ ಹಾಗಾಯಿತು. ಅವಳು ಕೆಳಗಿಳಿದು ಬರುವಷ್ಟರಲ್ಲಿ ವಿಚಾರಣೆಗೆ ಆಜ್ಞೆ ಹೊರಟಿತ್ತು. ಎಲ್ಲದಕ್ಕೂ ನೋಡೋಣ ಅನ್ನುತ್ತಿದ್ದವರು ಇದೊಂದನ್ನು ತಕ್ಷಣ ನೋಡಿದ್ದರು. ವಿಚಾರಣೆಯ ವಿಷಯ: ಊಟದ ಮೇಜಿನ ಮೂಲಕ ಮಾಹಿತಿ ಸೋರಿಕೆ.

ಆವತ್ತೂ ಜೇನು ಫೋನು ಮಾಡಿದ. ಆವತ್ತೂ 'ಪೂರ್ತಿ'. ಊಟದ ಹೊತ್ತಿಗೆ ಆಚೆ ಕಡೆ ಡ್ಯೂಟಿಯಲ್ಲಿದ್ದವರು ಬೇರೊಬ್ಬರು. ಆವತ್ತೂ ತುರ್ತು, ಆವತ್ತೂ ಸೌಜನ್ಯ. ಮೇಡಂ ಬೋರ್ಡಿನ ಮೇಲೆ 'ಭರ್ತಿ' ಎಂದು ಹಾಕಲೇಬೇಕಾಯಿತು.

ಮನೆಯಲ್ಲಿ ಅವಳು ಗಂಡನ ಜೊತೆ ಮಾತು ಬಿಟ್ಟಳು. ಲೈನಿನ ಮಾತನ್ನಲ್ಲ, ಎಲ್ಲ ಮಾತನ್ನೂ. ಅವನು ಸಮಾಧಾನದ ದನಿ ತೆಗೆದಾಗ ಒಂದೇ ಒಂದು ಸಲ ಬಾಯಿ ಬಿಟ್ಟಳು. ನಾನು ಸುಳ್ಳು ಹೇಳಿದ್ದು ಗೊತ್ತಿಲ್ಲದೆ, ನೀವು ಒಪ್ಪಿದ್ದು ಕೇಳದೆ, ಇಬ್ಬರಲ್ಲಿ ಯಾರು ಹೆಚ್ಚು ದಡ್ಡರು ಎಂದು ಆಮೇಲೆ ಲೆಕ್ಕ ಹಾಕೋಣ, ಬುಧವಾರಕ್ಕೆ ಮುಂಚೆ ಒಂದು ಸಲ ಬಾಯಿಗೆ ಬೇರೆ ಶಬ್ದ ಬರುತ್ತಾ ನೋಡಿ, ಅಂದಳು. ಅವನು ಅಭ್ಯಾಸಬಲದಿಂದ "ಆಯ್..." ಎಂದು ಶುರು ಮಾಡಿ ಅರ್ಧಕ್ಕೆ ನಿಲ್ಲಿಸಿದ.

ಮಂಗಳವಾರ ಅವನದೇ ಡ್ಯೂಟಿ. ಊಟದ ಡಬ್ಬಿ ತೆರೆಯದೆ ಫೋನಿನ ಮುಂದೆ ಕೂತಿದ್ದ. ಫೋನು ಬಂತು.

"ನಮಸ್ಕಾರ ಸಾರ್, ಊಟ ಆಯ್ತಾ? ಇವತ್ತೂ ಒಂದು ಸಣ್ಣ ತುರ್ತು. ನಮ್ಮದು ವಾಪಸ್ ಅಂತ ಹಾಕ್ಕೊಂಡ್‌ಬಿಡಿ."

"ಏನು ತುರ್ತು?"

ಎರಡು ಸೀಸನ್ನಿನಲ್ಲಿ ಯಾರೂ ಕೇಳದ ಪ್ರಶ್ನೆ ಅದು. ಜೇನು ತಡಬಡಾಯಿಸಿದ. "ಏನು ಅಂದ್ರೆ... ತುರ್ತು ಸಾರ್. ಮಾಮೂಲಿ ತುರ್ತು."

"ಒಪ್ಪಿಗೆ ಇಲ್ಲ. ಬುಕ್ ಮಾಡಿರೋದನ್ನ ಕಳಿಸಿ."

"ಏನನ್ನ ಸಾರ್?"

"ಕರೆಂಟನ್ನ."

"ಗುಡ್ಡದ ಈ ಕಡೆ ನಮ್ಮ ಹತ್ರ ಕರೆಂಟ್ ಎಲ್ಲಿದೆ ಸಾರ್?"

ಆ ದನಿಯಲ್ಲಿ ಮೋಸವಿರಲಿಲ್ಲ. ಬಾಡಿಗೆ ಸೈಕಲ್ ಅಂಗಡಿಯವನನ್ನು ವಿಮಾನ ಕೇಳಿದರೆ ಆಗುವಷ್ಟು ನಿಜವಾದ ಆಶ್ಚರ್ಯವಿತ್ತು. ಆಶ್ಚರ್ಯದ ಜೊತೆಗೇ ಜೇನಿನೊಳಗಿದ್ದ ಮುಳ್ಳೂ ಹೊರಗೆ ಬಂತು. ನಿಮ್ಮ ಭಾವಮೈದುನನ ಕಾರ್ಖಾನೆ ಎಲ್ಲಿದೆ ಅಂತ ನಮಗೂ ಗೊತ್ತು, ವಿಚಾರಣೆ ಎದುರಿಗಿರುವಾಗ ಇದು ನಿಮಗೆ ಒಳ್ಳೆಯದಲ್ಲ ಎಂದ. ಸೋಮವಾರದ ವಿಷಯ ಮಂಗಳವಾರ ಹೊರಗಿನವನಿಗೆ ಹೇಗೆ ಗೊತ್ತಾಯಿತು ಎಂದು ಇಂಜಿನಿಯರು ಕೇಳಲಿಲ್ಲ. ಮೇಲಿನ ಮಹಡಿಯಿಂದ ಆಗುವ ಸೋರಿಕೆಗೆ ಮುಚ್ಚಳಿಕೆ ಯಾರೂ ಬರೆಸಿಕೊಂಡಿರಲಿಲ್ಲ.

"ಇಲ್ದಿದ್ರೆ ಅಣೆಕಟ್ಟಿನವರ ಹತ್ರ ಕೊಂಡ್ಕೊಂಡು ಕಳಿಸಿ," ಅಂದ ಅವನು. "ಕಳಿಸ್ಲಿಲ್ಲ ಅಂದ್ರೆ ಸೀಸನ್ ಪೂರ್ತಿ ನಿಮ್ಮ ಜಾಗ ಹೋಗುತ್ತೆ. ನಿಯಮ ನಿಮಗೂ ಗೊತ್ತಿರಬೇಕು. ಇಡ್ತೀನಿ."

ಫೋನು ಇಟ್ಟು ಅವನು ಊಟದ ಡಬ್ಬಿ ತೆರೆದ. ಪಕ್ಕದ ಕುರ್ಚಿಯ ಇಂಜಿನಿಯರು, ಏನು ಸಿಕ್ಕರೂ ಗೊಣಗುವುದರಿಂದ 'ಗೊಣಗ' ಎಂದೇ ಹೆಸರಾದವನು, ಮೊದಲ ಬಾರಿಗೆ ಗೊಣಗದೆ ಬಾಯಿ ತೆರೆದುಕೊಂಡು ನೋಡುತ್ತಿದ್ದ.

ಈಚೆ ಕಡೆ ಮೇಡಮ್ಮಿಗೆ ಏನೂ ಕೇಳಿಸಿರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಮಬ್ಬು ಕಾಗದದ ಮೇಲ್ಗಡೆ ಒಂದು ತಲೆ ಎದ್ದಿತು. ಆಮೇಲೆ ಇನ್ನೊಂದು. ಆಮೇಲೆ ಆಚೆಯ ತಲೆಗಳೆಲ್ಲ ಎದ್ದು, ಒಂದೇ ದಿಕ್ಕಿಗೆ ತಿರುಗಿ, ಅವಳಿಗೆ ಕಾಣದ ಯಾವುದನ್ನೋ ನೋಡತೊಡಗಿದವು. ಗುಡ್ಡದ ಲೈನಿನಲ್ಲಿ ಕರೆಂಟು ಹರಿಯುತ್ತಿತ್ತು. ಕಂಪನಿ ಹಲ್ಲು ಕಡಿದುಕೊಂಡು ಅಣೆಕಟ್ಟಿನವರ ಹತ್ತಿರ ಅವಸರಕ್ಕೆ ಕೊಂಡು, ತನ್ನದೇ ಡೀಸೆಲ್ಲಿನ ರೇಟು ಬೀಳಿಸುವ ಕರೆಂಟನ್ನು ತಾನೇ ಗುಡ್ಡ ದಾಟಿಸುತ್ತಿತ್ತು. ತಲೆಗಳ ನಡುವೆ ಗಂಡನ ತಲೆ ಹುಡುಕಿದಳು. ಅದೊಂದು ಮಾತ್ರ ಎದ್ದಿರಲಿಲ್ಲ.

ಗುಡ್ಡದ ಆಚೆ ಅಣ್ಣ, ಕುಲುಮೆಯಿಂದ ಗಾಜು ಬಸಿಯುವ ಬಾಯಿಯ ಬಳಿ ಮೇಸ್ತ್ರಿಯ ಜೊತೆ ನಿಂತು ಮಾರನೆಯ ದಿನದ ತಯಾರಿ ನೋಡುತ್ತಿದ್ದ. ರೇಟು ಇಳಿದದ್ದನ್ನು ಮೊದಲು ನಂಬಲಿಲ್ಲ. ಸ್ಟೇಷನ್ನಿನಲ್ಲಿ ಏನೋ ಕೆಟ್ಟಿರಬೇಕು ಅಂದುಕೊಂಡ. ಸಂಜೆಗೆ ಇನ್ನೂ ಇಳಿಯಿತು. ಅವನು ತಂಗಿಗೆ ಫೋನು ಮಾಡಿದ. ನಾಳೆ ಬೆಳಿಗ್ಗೆ ಬಸಿಯುವುದಿಲ್ಲ, ಮಧ್ಯಾಹ್ನ ರೇಟು ನೋಡಿಕೊಂಡು ತೀರ್ಮಾನ ಮಾಡುತ್ತೇನೆ, ಮೇಲೆ ಹೋದರೆ ಮಾತ್ರ ಕಾಯುವುದಿಲ್ಲ ಎಂದ. ಭಾವನಿಗೆ ಏನಾದರೂ ಹೇಳಬೇಕಾ ಎಂದು ಅವಳು ಕೇಳಿದಳು. ನಾಳೆ ಮಧ್ಯಾಹ್ನ ಆಗಲಿ ಎಂದ.

ಬುಧವಾರ ಬೆಳಿಗ್ಗೆ ವಿಚಾರಣೆ. ಉದ್ದನೆಯ ಮೇಜು, ಅದರ ಹಿಂದೆ ಸಾಹೇಬರು, ಅಕ್ಕಪಕ್ಕ ಇಬ್ಬರು ಸದಸ್ಯರು. ಸದಸ್ಯರು ಬಹಳ ಸೂಕ್ಷ್ಮಮತಿಗಳು. ಯಾರು ಎಲ್ಲಿ ಕೂತಿದ್ದಿರಿ, 'ಭರ್ತಿ' ಮೊದಲು ಬಂತೋ 'ಖಾಲಿ' ಮೊದಲು ಬಂತೋ, ಅಣ್ಣನಿಗೆ ಎರಡೂ ಕಿವಿ ಸರಿಯಾಗಿ ಕೇಳಿಸುತ್ತವೆಯೋ ಎಂದು ವಿವರವಾಗಿ ಕೇಳಿದರು. ಒಬ್ಬರಂತೂ ಸೌತೆಕಾಯಿ ಹೆಚ್ಚುವುದು ಮುಗಿದಿತ್ತೇ ಎಂದೂ ಕೇಳಿ ತಲೆಯಾಡಿಸಿದರು, ಉತ್ತರದಿಂದ ಏನೋ ಬಯಲಾದಂತೆ. ಲೈನು ಖಾಲಿಯಿತ್ತೇ ಎಂಬ ಪ್ರಶ್ನೆಯನ್ನು ಮಾತ್ರ ಯಾರೂ ಕೇಳಲಿಲ್ಲ. ಮೇಡಂ ತಾನೇ ಎತ್ತಿದಾಗ ಅದು ಈ ವಿಚಾರಣೆಯ ವ್ಯಾಪ್ತಿಗೆ ಬರುವುದಿಲ್ಲ ಅಂದರು. ಯಾವ ವಿಚಾರಣೆಯ ವ್ಯಾಪ್ತಿಗೆ ಬರುತ್ತದೆ ಎಂದು ಅವಳು ಕೇಳಿದಳು. ನೋಡೋಣ ಅಂದರು.

ಕೊನೆಗೆ ಸಾಹೇಬರು ಕನ್ನಡಕ ತೆಗೆದು, ಮನೆಯ ಹಿರಿಯರ ದನಿಯಲ್ಲಿ, ಇದು ನಿಮ್ಮ ಸ್ವಂತ ಅಣ್ಣನ ಕಾರ್ಖಾನೆಯ ವಿಷಯ, ಅದಕ್ಕೇ ನಿಮಗೆ ಇಷ್ಟು ಸಿಟ್ಟು ಎಂದರು.

"ಅಣ್ಣಂದು ಆಗಿಲ್ದೇ ಇದ್ರೆ ನನಗೆ ಗೊತ್ತೇ ಆಗ್ತಿರ್ಲಿಲ್ಲ ಸಾರ್," ಅಂದಳು. "ಗುಡ್ಡದ ಆಚೆ ಇರೋರು ಎಲ್ಲಾ ಯಾರೋ ಒಬ್ಬರ ಅಣ್ಣಂದಿರೇ. ಅವರೆಲ್ಲಾ ನಮ್ಮನೆಗೆ ಊಟಕ್ಕೆ ಬಂದು ಕೇಳಬೇಕಿತ್ತಾ? ಖಾಲಿ ಲೈನಿಗೆ ಭರ್ತಿ ಅಂತ ನನ್ನ ಕೈಲಿ ಬರೆಸಿದ್ರಲ್ಲ, ಅದು ಸೋರಿಕೆ ಅಲ್ಲ. ನಾನು ಅನ್ನ ತಿನ್ನುವಾಗ ನಿಜ ಹೇಳಿದ್ದು ಸೋರಿಕೆ."

ಇಂಜಿನಿಯರು ಹೆಂಡತಿಯ ಕಡೆ ನೋಡಿದ; ಭಾನುವಾರದಿಂದ ಮೊದಲ ಸಲ ಅವಳೂ ನೋಡಿದಳು. ಸದಸ್ಯರು ತಲೆ ಕೂಡಿಸಿ ಪಿಸುಗುಟ್ಟಿ ತೀರ್ಮಾನ ಹೇಳಿದರು. ಇಂಜಿನಿಯರನ್ನು ಈ ಕ್ಷಣದಿಂದ ಡ್ಯೂಟಿಯಿಂದ ತೆಗೆದಿದೆ. ಇನ್ನು ಮುಂದೆ ಗಂಡ ಹೆಂಡತಿ ಇಬ್ಬರೂ ಮಂಡಳಿಯಲ್ಲಿರಲು ಬರುವುದಿಲ್ಲ. ಯಾರು ಕೆಲಸ ಬಿಡುತ್ತೀರಿ ಎಂದು ಮನೆಯಲ್ಲಿ ಕೂತು ಮಾತಾಡಿಕೊಂಡು ಬಂದು ತಿಳಿಸಿ.

"ಆಫೀಸಿನ ವಿಷಯ ಮನೇಲಿ ಮಾತಾಡಬಾರದಲ್ವಾ ಸಾರ್," ಅಂದ ಇಂಜಿನಿಯರು, ಬಹಳ ವಿನಯದಿಂದ.

ಹೊರಗೆ ಬಂದಾಗ ಹನ್ನೆರಡು ಹತ್ತಿರವಾಗಿತ್ತು. ಮೇಡಂ ಓಡಿ ಹೋಗಿ ಕುರ್ಚಿಯಲ್ಲಿ ಕೂತಳು. ಜೇನು ಫೋನು ಮಾಡಿ "ಪೂರ್ತಿ, ಮೇಡಂ" ಅಂದ. ದನಿಗೆ ಸಿಹಿ ಮರಳಿತ್ತು. ಆಚೆ ಕಡೆಯ ಕುರ್ಚಿ ಬದಲಾದದ್ದು ಅವನಿಗೆ ಆಗಲೇ ತಲುಪಿತ್ತು. ಅವಳು ಭರ್ತಿ ಎಂದು ಹಾಕಿದಳು. ಆಚೆ ಡ್ಯೂಟಿಗೆ ಕೂತವನು ಗೊಣಗ. ಸಾಹೇಬರೇ ಆರಿಸಿದ್ದು. ಎಲ್ಲದರ ಬಗ್ಗೆ ಗೊಣ ಗೊಣ ಅಂದರೂ ಎಲ್ಲವನ್ನೂ ಮಾಡುವವನು ಎಂದು ಅವನಿಗೆ ಖ್ಯಾತಿ.

ಊಟದ ಹೊತ್ತಿಗೆ ಗಂಡ ಹೆಂಡತಿ ಮೆಟ್ಟಿಲ ಬಳಿ ನಿಂತಿದ್ದರು. ಗೋಡೆಯ ಈಚೆಗೂ ಅಲ್ಲ, ಆಚೆಗೂ ಅಲ್ಲ. ಗೊಣಗನಿಗೆ ಒಂದು ಮಾತು ಹೇಳಲಾ ಎಂದು ಅವನು ಕೇಳಿದ. ಬೇಡ ಅಂದಳು. ಹೇಳಿ ಮಾಡಿಸಿದರೆ ನಾವು ಹೇಳಿದ್ದರಿಂದ ಆಯಿತು ಅಂತಾರೆ. ಹೇಳದೆ ಆದರೆ ಆಗಲಿ. ಹಾಗೆ ಅಂದಳೇ ಹೊರತು ಅವಳ ಕಣ್ಣು ಕೈಯಲ್ಲಿದ್ದ ಫೋನು ಬಿಟ್ಟು ಆಚೆಗೆ ಹೋಗಲಿಲ್ಲ. ಅಲ್ಲಿ ಗುಡ್ಡದ ಆಚೆಯ ರೇಟು ಇತ್ತು, ನಿನ್ನೆಯ ಕೊನೆಯ ಅಂಕಿಯಲ್ಲೇ ನಿಂತಿತ್ತು. ಅಣ್ಣ ಇದೇ ಹೊತ್ತಿಗೆ ಬಸಿಯುವ ಬಾಯಿಯ ಬಳಿ ನಿಂತು ಇದೇ ಅಂಕಿಯನ್ನು ನೋಡುತ್ತಿದ್ದಾನೆ ಎಂದು ಇಬ್ಬರಿಗೂ ಗೊತ್ತಿತ್ತು.

ಹರಿವು ವಿಭಾಗದ ಬಾಗಿಲು ಅರ್ಧ ತೆರೆದಿತ್ತು. ಒಳಗಿನಿಂದ ಗೊಣಗನ ದನಿ ಕೇಳಿಸಿತು. ಊಟದ ಹೊತ್ತಿಗೇ ಫೋನು ಮಾಡುತ್ತಾರೆ, ತುತ್ತು ಎತ್ತಲು ಬಿಡುವುದಿಲ್ಲ, ಈ ಕುರ್ಚಿಯೂ ಸರಿಯಿಲ್ಲ, ಫ್ಯಾನೂ ಸರಿಯಿಲ್ಲ ಎಂದು ಅವನು ಗೊಣಗುತ್ತಲೇ ಫೋನು ಎತ್ತಿದ. ಆಚೆಯಿಂದ ಸಿಹಿಯಾಗಿ ಏನೋ ಬಂದಿರಬೇಕು. ಗೊಣಗ ಸ್ವಲ್ಪ ಹೊತ್ತು ಕೇಳಿಸಿಕೊಂಡ.

"ನೋಡಿ ಸ್ವಾಮಿ," ಅಂದ ಆಮೇಲೆ. "ನಿನ್ನೆ ಆ ಲೈನು ಹರಿಯೋದನ್ನ ನಾನು ಕಣ್ಣಾರೆ ನೋಡಿದೀನಿ. ಇನ್ನು ಇಲ್ಲ ಅಂತ ಹೇಗೆ ಬರೀಲಿ? ಕಳಿಸೋದಿದ್ರೆ ಕಳಿಸಿ, ಇಲ್ದಿದ್ರೆ ಜಾಗ ಬಿಡಿ. ನನ್ನ ಊಟ ಆರ್ತಾ ಇದೆ."

ಮೆಟ್ಟಿಲ ಬಳಿ ಮೇಡಂ ಗೋಡೆಗೆ ಒರಗಿಕೊಂಡಳು. ಅಂಕಿ ಇನ್ನೂ ಕದಲಿರಲಿಲ್ಲ. ಆಮೇಲೆ ಕದಲಿತು. ಮೇಲಕ್ಕಲ್ಲ.

ದಿನಾ ಕೊಂಡು ದಿನಾ ತನ್ನ ಹೊಟ್ಟೆಗೇ ಹೊಡೆದುಕೊಳ್ಳುವ ಚಟ ಕಂಪನಿಗೆ ಇರಲಿಲ್ಲ. ಗುರುವಾರದವರೆಗೆ ಹೇಗೋ ಕೊಂಡು ಕಳಿಸಿದ ಕಂಪನಿ ಶುಕ್ರವಾರ, 'ಪೂರ್ತಿ' ಎಂದು ಬುಕ್ ಮಾಡಿದ ಮೇಲೂ, ಕರೆಂಟೂ ಕಳಿಸಲಿಲ್ಲ, ವಾಪಸ್ ಎಂದು ಫೋನೂ ಮಾಡಲಿಲ್ಲ. ನಿಯಮದಂತೆ ಅದರ ಜಾಗ ಸೀಸನ್ನಿನ ಮಟ್ಟಿಗೆ ಹೋಯಿತು. ಮೇಡಂ ಬೋರ್ಡು ಒರೆಸಿ, ಗುಡ್ಡದ ಲೈನಿನಲ್ಲಿ ಜಾಗವಿದೆ ಎಂದು ಹಾಕಿದಳು. ಸಂಜೆಯೊಳಗೆ ಗಾಜಿನವರು, ಹೆಂಚಿನವರು, ಐಸಿನವರು ಎಲ್ಲ ಬಂದು ತಂತಮ್ಮ ಪಾಲು ಹಿಡಿದರು. ಮಾರುಕಟ್ಟೆ ತನ್ನಷ್ಟಕ್ಕೇ ಸರಿಹೋಗುತ್ತದೆ ಎಂಬುದಕ್ಕೆ ಇದೇ ಸಾಕ್ಷಿ ಎಂದು ಮಂಡಳಿ ಹೇಳಿಕೆ ಕೊಟ್ಟಿತು. ತನ್ನಷ್ಟಕ್ಕೇ ಸರಿಹೋದ ಮಾರುಕಟ್ಟೆಯ ಹೇಳಿಕೆಗೆ ಸಾಹೇಬರ ಫೋಟೋ ಇತ್ತು. ಇಂಜಿನಿಯರನ್ನು ಟ್ರಾನ್ಸ್‌ಫಾರ್ಮರ್ ಗೋದಾಮಿಗೆ ಹಾಕಿದರು. ಯಾರು ಕೆಲಸ ಬಿಡುವವರು ಎಂಬ ಪ್ರಶ್ನೆ ಹಾಗೇ ತೂಗುತ್ತಿತ್ತು.

ಆ ರಾತ್ರಿಯ ಊಟಕ್ಕೆ ಮುಂಚೆ ಅಣ್ಣನ ಫೋನು ಬಂತು. ಬಸಿಯುವ ಬಾಯಿ ಮುಚ್ಚಿಸಿದೆ, ಹೊಸ ಮರಳು ಹಾಕಿಸಿದೆ, ಕುಲುಮೆ ಚೆನ್ನಾಗಿ ಉರಿಯುತ್ತಿದೆ ಎಂದ. ಭಾವನಿಗೆ ಫೋನು ಕೊಡಿಸಿಕೊಂಡು, ಗೋದಾಮಿನಲ್ಲಿ ಖಾಲಿ ಎಷ್ಟಿದೆ ಭರ್ತಿ ಎಷ್ಟಿದೆ ಎಂದು ಕಾಲೆಳೆದ. ಭಾವ ನಕ್ಕ. ಆಮೇಲೆ ಫೋನು ಮತ್ತೆ ತಂಗಿಯ ಕೈಗೆ ಬಂದಾಗ ಅಣ್ಣನ ದನಿ ಬದಲಾಗಿತ್ತು.

"ನಮ್ಮ ಪಕ್ಕದಲ್ಲಿ ಬಲ್ಬಿನ ಬುರುಡೆ ಮಾಡೋರು ಇದ್ರಲ್ಲ ಪುಟ್ಟಿ. ಹೋದ ಸೀಸನ್ನಲ್ಲೇ ಅವರ ಕುಲುಮೆ ಆರೋಯ್ತು. ಬಸಿಯೋಕೂ ಆಗ್ಲಿಲ್ಲ, ಒಳಗೇ ಕಲ್ಲಾಯ್ತು. ಇವತ್ತು ನಮ್ಮ ಗೇಟಿನ ಹತ್ರ ಬಂದು ನಿಂತಿದ್ರು. ಲೈನಲ್ಲಿ ಈಗ ಜಾಗ ಎಲ್ಲಿಂದ ಬಂತು ಅಂತ ಕೇಳ್ತಾರೆ. ನಾನು ಏನು ಹೇಳ್ಲಿ?"

ಆ ಕಡೆ ಕುಲುಮೆಯ ಗುಂಯ್ ಎನ್ನುವ ಸದ್ದು ಕೇಳಿಸುತ್ತಿತ್ತು.

"ಅವರಿಗೆ ನನ್ನ ನಂಬರ್ ಕೊಡಣ್ಣ," ಅಂದಳು ಕೊನೆಗೆ.

ಬುರುಡೆಯವರು ಶನಿವಾರ ಬೆಳಿಗ್ಗೆ ಫೋನು ಮಾಡಿದರು. ವಯಸ್ಸಾದ ದನಿ, ಜಗಳಕ್ಕೆ ಬಂದ ದನಿಯಲ್ಲ. ಅವಳು ಮೊದಲಿನಿಂದ ಹೇಳಿದಳು. ಯಾವುದನ್ನೂ ಬಿಡಲಿಲ್ಲ. ಹೊರಗಿನವರಿಗೆ ಇದನ್ನು ಹೇಳಬಾರದೆಂಬ ನಿಯಮ ಇದೆ ಎಂಬುದನ್ನೂ ಹೇಳಿದಳು. ಎಲ್ಲ ಕೇಳಿದ ಮೇಲೆ ಅವರು, ತಾವು ಲೈನಿನಲ್ಲಿ ಜಾಗ ಕೇಳಿ ವಾರಗಟ್ಟಲೆ ಫೋನು ಮಾಡುತ್ತಿದ್ದಾಗ ಭರ್ತಿ ಎಂದು ಹೇಳುತ್ತಿದ್ದ ಹೆಣ್ಣು ದನಿ ಯಾರದಮ್ಮ ಎಂದು ಕೇಳಿದರು.

"ನಂದೇ," ಅಂದಳು. "ಮುಂದಿನ ಹರಾಜಿಗೆ ಮುಂಚೆ ಮಂಡಳಿಯವರು ಸಭೆ ಕರೀತಾರೆ. ಸಾರ್ವಜನಿಕರು ಬರಬಹುದು. ನೀವು ಬನ್ನಿ, ನಿಮ್ಮ ಥರ ಕುಲುಮೆ ಆರಿಸಿದೋರು ಯಾರ್ಯಾರಿದಾರೋ ಎಲ್ಲರನ್ನೂ ಕರ್ಕೊಂಡು ಬನ್ನಿ. ಇದೇ ಪ್ರಶ್ನೆ ಅಲ್ಲಿ ಕೇಳಿ. ನಾನು ಎದ್ದು ನಿಂತ್ಕೊಂಡು ಉತ್ತರ ಹೇಳ್ತೀನಿ."

ಫೋನಿಟ್ಟು ತಿರುಗಿದಾಗ ಗಂಡ ಬಾಗಿಲಲ್ಲಿ ನಿಂತಿದ್ದ. ಪೂರ್ತಿ ಕೇಳಿಸಿಕೊಂಡಿದ್ದ. ಹಾಗೆ ಹೇಳಿದ ಮೇಲೆ ಕೆಲಸ ಹೋಗುವುದು ಅವಳದೇ ಎಂದು ಅವನಿಗೂ ಗೊತ್ತಿತ್ತು. ಅವನು ಒಳಗೆ ಬಂದು, ಕುರ್ಚಿ ಎಳೆದುಕೊಂಡು ಅವಳ ಎದುರಿಗೆ ಕೂತ. ಎರಡು ಸೀಸನ್ನಿನ ಲೈನಿನ ಮಾತನ್ನು ಇಬ್ಬರೂ ಮೊದಲ ದಿನದಿಂದ ಆಡಲು ಶುರು ಮಾಡಿದರು.